ಹಗ್ಗ ಬಿಚ್ಚಿದವರು

ನನ್ನ ತಾತ ತೀರಿಕೊಂಡು ಕೆಲವು ವರ್ಷಗಳಾದ ಮೇಲೆ ನಮ್ಮ ಊರಿಗೆ ಅವರ ಮೇಲೆ ಇದ್ದಕ್ಕಿದ್ದಂತೆ ಪ್ರೀತಿ ಉಕ್ಕಿತು. ಕೆರೆ ಏರಿಯ ತುದಿಯಲ್ಲಿ, ಬಸ್ಸು ನಿಲ್ಲುವ ಜಾಗದಲ್ಲಿ, ಅವರ ಹೆಸರಿನ ಒಂದು ಕಲ್ಲು ನಿಲ್ಲಿಸಬೇಕೆಂದು ಊರ ಹಿರಿಯರು ತೀರ್ಮಾನಿಸಿದರು. ಕಪ್ಪು ಗ್ರಾನೈಟ್ ಕಲ್ಲು, ತಲೆಯ ಮೇಲೆ ಸೈನಿಕನ ಟೋಪಿಯ ಚಿತ್ರ, ಕೆಳಗೆ ‘ವೀರಯೋಧ’ ಎಂಬ ಬರಹ, ಅದರ ಕೆಳಗೆ ಸಮಿತಿಯವರ ಹೆಸರುಗಳು. ಅಪ್ಪ ಈ ಸುದ್ದಿಯನ್ನು ಫೋನಿನಲ್ಲಿ ಹೇಳಿದಾಗ ನಾನು ಕೋಲಾರದಲ್ಲಿ, ಹಾಸ್ಟೆಲಿನ ಮಹಡಿಯ ಮೇಲೆ ಬಟ್ಟೆ ಒಣಹಾಕುತ್ತಿದ್ದೆ.

“ಸಮಿತಿ ಅಧ್ಯಕ್ಷರು ಯಾರಪ್ಪಾ?” ಎಂದೆ.

“ಇನ್ಯಾರಮ್ಮ, ಚೇರ್ಮನ್ರೇ” ಎಂದರು.

ಚೇರ್ಮನ್ ಅಂದರೆ ಒಂದು ಕಾಲದಲ್ಲಿ ಪಂಚಾಯಿತಿ ಚೇರ್ಮನ್ ಆಗಿದ್ದವರು. ಅಧಿಕಾರ ಹೋಗಿ ಎಷ್ಟೋ ಕಾಲವಾದರೂ ಊರು ಅವರನ್ನು ಹಾಗೆಯೇ ಕರೆಯುತ್ತದೆ. ಶ್ರೀನಿವಾಸಪುರದ ಕಡೆ ಮಾವಿನ ತೋಟ, ಮುಳಬಾಗಿಲಿನಲ್ಲಿ ಮನೆ, ಊರಿನಲ್ಲಿ ಯಾರ ಮದುವೆಯಾದರೂ ಮುಂದಿನ ಸಾಲಿನಲ್ಲಿ ಒಂದು ಕುರ್ಚಿ. ನಮ್ಮ ಅಜ್ಜಿ ಮಾತ್ರ ಅವರನ್ನು ಚೇರ್ಮನ್ ಎಂದು ಕರೆದದ್ದನ್ನು ನಾನು ಕೇಳಿಲ್ಲ. ಅವಳ ಬಾಯಲ್ಲಿ ಅವರು ‘ಹಗ್ಗದೋನು’. ದಾರಿಯಲ್ಲಿ ಅವರ ಕಾರು ಬಂದರೆ ಅಜ್ಜಿ ನಿಂತು, ಅದು ದಾಟಿ ಹೋಗುವ ತನಕ ನೆಲಕ್ಕೆ ಉಗಿಯುತ್ತಿದ್ದಳು. ಊರವರು ಅದನ್ನು ಮುದುಕಿಯ ಚಾಳಿ ಎಂದುಕೊಂಡಿದ್ದರು.

ನಾನು ಎಂ.ಎ. ಇತಿಹಾಸ ಓದುತ್ತಿದ್ದೆ. ಆ ವರ್ಷ ನಮಗೆ ಯುದ್ಧ ಮತ್ತು ಸಾಮೂಹಿಕ ನೆನಪು ಎಂಬ ವಿಷಯದ ಮೇಲೆ ಕಿರುಪ್ರಬಂಧ ಬರೆಯುವ ಕೆಲಸವಿತ್ತು. ನಮ್ಮ ಮೇಡಂ ಪಾಠ ಮಾಡುವಾಗ ಒಂದು ಮಾತು ಹೇಳಿದ್ದರು. ಒಬ್ಬ ಮನುಷ್ಯ ಮರೆಯುವ ಹಾಗೆ ಒಂದು ಊರೂ ಮರೆಯುತ್ತದೆ, ಆದರೆ ಊರು ಮರೆತ ಜಾಗವನ್ನು ಖಾಲಿ ಬಿಡುವುದಿಲ್ಲ, ಅಲ್ಲಿ ಇನ್ನೊಂದು ಕತೆ ತಂದು ಕೂರಿಸುತ್ತದೆ ಎಂದು. ಉಳಿದವರೆಲ್ಲ ದೊಡ್ಡ ದೊಡ್ಡ ಯುದ್ಧಗಳ ಬಗ್ಗೆ, ದೇಶ ಒಡೆದಾಗ ಊರು ಬಿಟ್ಟವರ ಬಗ್ಗೆ ಪುಸ್ತಕ ಹುಡುಕಲು ಹೋದರು. ನಾನು ಅಪ್ಪನ ಫೋನ್ ಬಂದ ಮರುದಿನ ಮೇಡಂ ಬಳಿ ಹೋಗಿ, ನಮ್ಮ ಊರಿನ ಕಲ್ಲಿನ ಬಗ್ಗೆಯೇ ಬರೆಯುತ್ತೇನೆ ಎಂದೆ.

ತಾತ ಬಾಂಗ್ಲಾ ಯುದ್ಧಕ್ಕೆ ಹೋಗಿ ಬಂದವರು. ಅಲ್ಲಿ ಏನು ಕಂಡರೋ, ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಯುದ್ಧ ಮುಗಿದ ಮೇಲೂ ಕೆಲವು ಕಾಲ ಪಟಾಲಮಿನಲ್ಲಿದ್ದರು. ಆಮೇಲೆ ಆರೋಗ್ಯ ಸರಿಯಿಲ್ಲವೆಂದು ಅವರನ್ನು ಮನೆಗೆ ಕಳಿಸಿಬಿಟ್ಟರು. ಕೈಕಾಲು ಎಲ್ಲ ನೆಟ್ಟಗೇ ಇದ್ದವು. ಹಾಗಾಗಿ ಆರೋಗ್ಯಕ್ಕೆ ಏನಾಗಿದೆ ಎಂದು ಊರಿಗೆ ತಿಳಿಯಲಿಲ್ಲ.

ನನಗೆ ನೆನಪಿರುವ ತಾತ ತೆಳ್ಳಗಿನ ಮುದುಕ. ಗೋಡೆಗೆ ಬೆನ್ನು ಕೊಡದೆ ಎಲ್ಲೂ ಕೂರುತ್ತಿರಲಿಲ್ಲ. ಮುದ್ದೆಯನ್ನು ನಿಂತುಕೊಂಡೇ ಉಣ್ಣುತ್ತಿದ್ದರು, ಬಾಗಿಲ ಕಡೆ ನೋಡುತ್ತಾ, ಬೇಗ ಬೇಗ. ಮಳೆ ಬಿದ್ದು ನೆಲ ಮೆತ್ತಗಾಯಿತೆಂದರೆ ಹಿತ್ತಲಲ್ಲಿ ಉದ್ದಕ್ಕೆ ಒಂದು ಗುಂಡಿ ತೋಡುತ್ತಿದ್ದರು, ಒಬ್ಬ ಆಳು ಮಲಗುವಷ್ಟು ಉದ್ದ, ಸೊಂಟದಷ್ಟು ಆಳ. ಕರು ಬೀಳುತ್ತದೆಂದು ಅಪ್ಪ ಅದನ್ನು ಮುಚ್ಚುತ್ತಿದ್ದರು. ತಾತ ಪಕ್ಕದಲ್ಲಿ ಇನ್ನೊಂದು ತೋಡುತ್ತಿದ್ದರು.

ನಮ್ಮ ಊರಿನ ಆಚೆ ಬಂಡೆ ಒಡೆಯುವ ಕ್ವಾರಿ ಇತ್ತು. ಮಧ್ಯಾಹ್ನ ಅಲ್ಲಿ ಸಿಡಿಮದ್ದು ಹಾರಿಸಿದಾಗ ಮನೆಯ ಪಾತ್ರೆಗಳೆಲ್ಲ ಅದುರುತ್ತಿದ್ದವು. ಆಗ ತಾತ ಎಲ್ಲಿದ್ದರೂ ಓಡಿ ಬಂದು ನನ್ನನ್ನು ಎತ್ತಿಕೊಂಡು ಗುಂಡಿಗೆ ಇಳಿಯುತ್ತಿದ್ದರು. “ಲೇಟ್ ಜಾವ್! ಲೇಟ್ ಜಾವ್!” ಎಂದು ಹಿಂದಿಯಲ್ಲಿ, ಮಲಗು ಮಲಗು ಎಂದು, ಪಿಸುಗುಡುತ್ತಿದ್ದರು. ನನ್ನನ್ನು ಬೋರಲು ಮಲಗಿಸಿ, ಮೇಲೆ ತಾವು ಕವುಚಿಕೊಂಡು, ಮೊಣಕೈಯನ್ನು ನನ್ನ ಕತ್ತಿನ ಹಿಂದೆ ಇಟ್ಟು, ಅಂಗೈಯಿಂದ ತಲೆಯನ್ನು ಮುಚ್ಚುತ್ತಿದ್ದರು. ನನ್ನ ಮೂಗು ಮಣ್ಣಿಗೆ ತಾಗುತ್ತಿತ್ತು. ಮೇಲೆ ಬೀಡಿಯ ವಾಸನೆ, ಬೆವರು, ಡಬಡಬ ಹೊಡೆದುಕೊಳ್ಳುವ ಅವರ ಎದೆ. ನಾನು ಅದನ್ನು ಆಟ ಎಂದುಕೊಂಡಿದ್ದೆ. ಸದ್ದು ನಿಂತ ಮೇಲೂ ಅವರು ಬೇಗ ಏಳುತ್ತಿರಲಿಲ್ಲ, ಮತ್ತೊಂದು ಬರುತ್ತದೆ ಎನ್ನುವ ಹಾಗೆ ಕಾಯುತ್ತಿದ್ದರು. ಆಮೇಲೆ ನನ್ನ ಕಿವಿಯಲ್ಲಿ ಹೊಕ್ಕ ಮಣ್ಣನ್ನು ಪಂಚೆಯ ಅಂಚಿನಿಂದ ಒರೆಸುತ್ತಿದ್ದರು.

ಶಾಲೆಯಲ್ಲಿ ಈ ಆಟದ ವಿಷಯ ಹೇಳಿದೆ. ಅವತ್ತಿನಿಂದ ನಾನು ‘ಹುಚ್ಚ ಮಿಲಿಟ್ರಿ ಮೊಮ್ಮಗಳು’ ಆದೆ. ಆ ಹೆಸರನ್ನು ಮಕ್ಕಳು ತಾವಾಗಿ ಕಟ್ಟಿದ್ದಲ್ಲ, ಮನೆಯಲ್ಲಿ ದೊಡ್ಡವರ ಬಾಯಿಂದ ಕೇಳಿದ್ದರು.

ತಾತನನ್ನು ಕಂಬಕ್ಕೆ ಕಟ್ಟಿದ ದಿನದ ಕತೆಯನ್ನು ನನಗೆ ಹೇಳಿದವಳು ಅಜ್ಜಿ. ನಾನು ಹೈಸ್ಕೂಲಿಗೆ ಬಂದಾಗ, ಅವರೆಕಾಯಿ ಸುಲಿಯುತ್ತಾ, ಯಾವುದೋ ಬೇರೆಯವರ ಮನೆಯ ಸುದ್ದಿ ಹೇಳುವ ಹಾಗೆ ಹೇಳಿದಳು.

ತಾತ ಊರಿಗೆ ಬಂದ ಹೊಸತು. ದೀಪಾವಳಿಯ ಬೆಳಿಗ್ಗೆ. ಅವರು ಬಸ್ಸು ನಿಲ್ಲುವಲ್ಲಿ ಟೀ ಅಂಗಡಿಯ ಮುಂದೆ ನಿಂತು ಟೀ ಕುಡಿಯುತ್ತಿದ್ದರು. ಮಿಲಿಟರಿಯವನು ಪಟಾಕಿಗೆ ಹೆದರುತ್ತಾನೆ ಎಂಬ ಸುದ್ದಿ ಆಗಲೇ ಊರಲ್ಲಿ ಹಬ್ಬಿತ್ತು. ಪ್ರಾಯದ ಗಂಡಸರು ಕೆಲವರು ನೋಡೇ ಬಿಡೋಣ ಎಂದು ಅವರ ಬೆನ್ನ ಹಿಂದೆ ಸರ ಪಟಾಕಿ ಹಚ್ಚಿದರು. ತಾತ ಲೋಟ ಬಿಸಾಡಿ, ಪಕ್ಕದಲ್ಲಿದ್ದ ಒಬ್ಬನನ್ನು ನೆಲಕ್ಕೆ ಕೆಡವಿ ಅವನ ಮೇಲೆ ಬಿದ್ದರು. ಕತ್ತು ಹಿಸುಕುತ್ತಿದ್ದಾನೆ, ಕೊಲ್ಲುತ್ತಾನೆ ಎಂದು ಎಲ್ಲರೂ ಕೂಗಿದರು. ಎಳೆದು, ಹೊಡೆದು, ಅಂಗಡಿಯ ಮುಂದಿನ ಕಲ್ಲುಕಂಬಕ್ಕೆ ಎತ್ತಿನ ಹಗ್ಗದಿಂದ ಕಟ್ಟಿದರು. ಹಬ್ಬದ ದಿನ. ಎಣ್ಣೆ ನೀರು ಹಾಕಿಕೊಂಡು ಹೊಸ ಬಟ್ಟೆ ತೊಟ್ಟವರು ಬಂದು ನೋಡಿ ಹೋದರು. ಆಗಾಗ ಯಾರಾದರೂ ಇನ್ನೊಂದು ಪಟಾಕಿ ಹಚ್ಚುತ್ತಿದ್ದರು, ಅವರು ಕಟ್ಟಿನಲ್ಲೇ ಒದ್ದಾಡುವುದನ್ನು ನೋಡಲು. ತಾತ “ಲೇಟ್ ಜಾವ್” ಎಂದು ಕೂಗಿದರೆ ಜನವೂ “ಲೇಟ್ ಜಾವ್” ಎಂದು ಕೂಗುತ್ತಿತ್ತು.

ಅಜ್ಜಿ ದೂರದ ಹೊಲದಲ್ಲಿ ಮೇವು ಕುಯ್ಯುತ್ತಿದ್ದಳು. ಹಬ್ಬವಾದರೂ ಹಸುವಿಗೆ ಮೇವು ಬೇಕಲ್ಲ. ಹೊತ್ತು ಏರಿದ ಮೇಲೆ ಪಕ್ಕದ ಮನೆಯ ಹೆಂಗಸೊಬ್ಬಳು ಓಡಿಹೋಗಿ ಹೇಳಿದಳು. ಅಜ್ಜಿ ಕುಡುಗೋಲು ಹಿಡಿದವಳು ಹಿಡಿದ ಹಾಗೆಯೇ ಬಂದಳು.

“ಬಿಚ್ಚಿ ಅಂತ ಎಲ್ರನ್ನೂ ಕೇಳ್ದೆ. ಕಾಲು ಹಿಡ್ಕಂಡೆ. ಒಬ್ಬೊಬ್ರೂ ಹಿಂದಕ್ಕೆ ಹೋದ್ರು. ಆಮೇಲೆ ನಾನೇ ಕುಯ್ದೆ. ಒದ್ದೆ ಆಗಿ ಬಿಗಿದ್ಕಂಡಿತ್ತು ಕಣೇ ಆ ಹಗ್ಗ. ಕುಯ್ಯೋವಾಗ ಅವರ ಕೈಗೂ ತಗುಲ್ತು.”

“ಹಗ್ಗ ಯಾಕಜ್ಜಿ ಒದ್ದೆ ಆಗಿತ್ತು?”

ಅಜ್ಜಿ ಅವರೆಕಾಯಿಯಿಂದ ತಲೆ ಎತ್ತಲಿಲ್ಲ. “ಬೆಳಿಗ್ಗೆಯಿಂದ ಕಟ್ಟಿದ್ರಲ್ಲ. ಮನುಷ್ಯ ಏನ್ ಮಾಡ್ತಾನೆ” ಎಂದಳು.

ಆ ಉತ್ತರ ಕೇಳಿದಾಗಿನಿಂದ ನನ್ನೊಳಗೆ ಒಂದು ಸಿಟ್ಟು ಮನೆ ಮಾಡಿಕೊಂಡಿತು. ಓದುವಾಗ, ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತಾಗ, ಸ್ನಾನ ಮಾಡುವಾಗ ಕೂಡ ನಾನು ಆ ಜನಕ್ಕೆ ಒಂದೊಂದು ಶಿಕ್ಷೆ ಯೋಚಿಸುತ್ತಿದ್ದೆ. ಅಪ್ಪನಿಗೆ ಆ ಸಿಟ್ಟಿಲ್ಲ. ಆಗ ಅವರಿನ್ನೂ ಎಳೆಯ ಮಗು. “ಅದೇ ಊರಲ್ಲಿ ಹಾಲು ಹಾಕ್ಬೇಕು, ಅದೇ ಊರಲ್ಲಿ ಹೆಣ ಎತ್ಬೇಕು. ಕೆದಕ್ಬೇಡ” ಎನ್ನುತ್ತಿದ್ದರು.

ನಾನು ಕೆದಕಿದೆ. ಕಲ್ಲಿನ ಕೆಲಸ ನಡೆಯುತ್ತಿದ್ದಾಗ ಊರಿಗೆ ಬಂದು, ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳುತ್ತಾ ಹಿರಿಯರನ್ನು ಮಾತಾಡಿಸಿದೆ. ತಾತನ ಮೇಲೆ ಕಾಲೇಜಿನಲ್ಲಿ ಬರೆಯುತ್ತೇನೆ ಎಂದಾಗ ಎಲ್ಲರೂ ಖುಷಿಯಾಗಿ ಕೂತು ಹೇಳಿದರು.

ಮೊದಲು ಹೋದದ್ದು ಟೀ ಅಂಗಡಿಯ ಮುದುಕನ ಬಳಿ. ಅಂಗಡಿ ಈಗ ಮಗನದು, ಮುದುಕ ಬೆಂಚಿನ ಮೇಲೆ ಕೂತಿರುತ್ತಾನೆ. ನನ್ನನ್ನು ನೋಡಿ ತೆಲುಗಿನಲ್ಲಿ, “ಏಮ್ಮಾ, ಮಿಲಿಟ್ರಿ ಮನವರಾಲಾ ನುವ್ವು?” ಎಂದ. ಹೌದು, ಮಿಲಿಟರಿಯ ಮೊಮ್ಮಗಳೇ ಎಂದೆ. ಪಕ್ಕಕ್ಕೆ ಸರಿದು ಜಾಗ ಮಾಡಿಕೊಟ್ಟ. ದೀಪಾವಳಿಯ ದಿನದ ಬಗ್ಗೆ ಕೇಳಿದೆ.

“ಅಯ್ಯೋ ಪಾಪ. ನನ್ನ ಕೈಲಿ ನೋಡೋಕಾಗ್ಲಿಲ್ಲ ಕಣಮ್ಮ. ಯಾರ್ ಏನಾದ್ರೂ ಅನ್ಕಳ್ಳಿ ಅಂತ ಹೋಗಿ ಹಗ್ಗ ಬಿಚ್ದೆ. ಬಿಚ್ಚಿ ಒಂದ್ ಲೋಟ ಟೀ ಕುಡಿಸ್ದೆ.”

ನಾನು ಅವನ ಮುಖವನ್ನೇ ನೋಡಿದೆ. ಸುಳ್ಳು ಹೇಳುವವನ ಮುಖವಲ್ಲ. ಕಣ್ಣಲ್ಲಿ ನೀರೂ ಇತ್ತು.

“ಕಟ್ಟಿದ್ದು ಯಾರು?”

“ಜನ ಕಣಮ್ಮ. ಜನ ಸೇರ್ಬಿಟ್ಟಿದ್ರು.”

ಎರಡನೆಯವರು ನಿವೃತ್ತ ಬಸ್ ಕಂಡಕ್ಟರ್. ಮನೆಯ ಮುಂದೆ ಗುಲಾಬಿ ಬೆಳೆಸಿಕೊಂಡು, ಪೇಪರ್ ಓದಿಕೊಂಡು ಇರುವವರು. ಅವರೂ ಹೇಳಿದರು, “ಗಂಟು ಬಿಚ್ಚಿದ್ದು ನಾನೇ ಅಲ್ವೇ. ನಿಮ್ಮಜ್ಜಿ ಅಳ್ತಾ ನಿಂತಿದ್ರು ಪಾಪ. ಹಲ್ಲಲ್ಲಿ ಕಚ್ಚಿ ಬಿಚ್ದೆ, ಅಷ್ಟು ಬಿಗಿಯಾಗಿತ್ತು.” ಕಟ್ಟಿದವರು ಯಾರೆಂದರೆ ಮತ್ತದೇ. ಜನ. ಇನ್ನೂ ಒಬ್ಬಿಬ್ಬರನ್ನು ಮಾತಾಡಿಸಿದೆ, ಎಲ್ಲರೂ ಹಗ್ಗ ಬಿಚ್ಚಿದವರೇ. ಅವತ್ತು ನನ್ನ ತಾತನನ್ನು ಕಟ್ಟಿದವರು ಯಾರೂ ಇರಲಿಲ್ಲ, ಬಿಚ್ಚಿದವರು ಮಾತ್ರ ಕ್ಯೂ ನಿಂತಿದ್ದರು. ಮೇಡಂ ಹೇಳಿದ್ದ ಆ ಇನ್ನೊಂದು ಕತೆ ಇದೇ ಇರಬೇಕು. ತರಗತಿಯಲ್ಲಿ ಕೇಳಿದಾಗ ಅದು ಬರೆದುಕೊಳ್ಳಲು ಚೆನ್ನಾಗಿತ್ತು. ಇಲ್ಲಿ, ಒಬ್ಬ ಮುದುಕ ನನ್ನ ಅಜ್ಜಿಯ ಕೈಯಿಂದ ಕುಡುಗೋಲು ಕಿತ್ತುಕೊಂಡು ತನ್ನ ಹಲ್ಲಿನ ಕತೆ ಹೇಳುವಾಗ, ಅವನ ಗುಲಾಬಿ ಗಿಡಗಳನ್ನೆಲ್ಲ ಬೇರು ಸಮೇತ ಕೀಳಬೇಕೆನಿಸಿತು.

ಕೊನೆಗೆ ಚೇರ್ಮನ್ ಮನೆಗೆ ಹೋದೆ. ಊರಲ್ಲಿ ಆ ವಯಸ್ಸಿನವರನ್ನೆಲ್ಲ ತಾತ ಎಂದು ಕರೆಯುವುದು ರೂಢಿ. ನನ್ನ ಬಾಯಿಗೆ ಅದು ಬರಲಿಲ್ಲ, ಸರ್ ಎಂದೆ. ಅವರು ಸೊಸೆಗೆ ಹೇಳಿ ಮಾವಿನ ರಸ ತರಿಸಿಕೊಟ್ಟರು. ಲೋಟವನ್ನು ಮುಟ್ಟದೆ ಕೆಳಗಿಟ್ಟುಕೊಂಡೆ.

“ನಿಮ್ಮ ತಾತ ಅವತ್ತು ಕೆಡವಿದ್ದು ನನ್ನನ್ನೇ, ಗೊತ್ತಾ?” ಎಂದರು. ಹೆಮ್ಮೆ ಇತ್ತು ಆ ಮಾತಿನಲ್ಲಿ. “ಪಕ್ಕದಲ್ಲೇ ನಿಂತಿದ್ದೆ. ಪಟಾಕಿ ಯಾರೋ ಹುಡುಗ್ರು ಹಚ್ಚಿದ್ರು. ಢಂ ಅಂತಿದ್ದಂಗೇ ನನ್ನ ಬೋರಲು ಕೆಡವಿ ಮೇಲೆ ಬಿದ್ರು ಕಣಮ್ಮ. ಮುಖ ಮಣ್ಣಿಗೆ. ಇಲ್ಲಿ ನೋಡು, ಇಲ್ಲಿ, ಕತ್ತಿನ ಹಿಂದೆ ಮೊಣಕೈ ಇಟ್ರು. ಅಂಗೈಲಿ ತಲೆ ಅಮುಕಿಬಿಟ್ರು. ಇನ್ನೊಂದ್ ಗಳಿಗೆ ಆಗಿದ್ರೆ ನಾನು ಇರ್ತಿರ್ಲಿಲ್ಲ.” ಹೇಳುತ್ತಾ ಅವರು ತಮ್ಮ ಕೈಯನ್ನು ತಮ್ಮದೇ ಕತ್ತಿನ ಹಿಂದೆ ಇಟ್ಟು ತೋರಿಸಿದರು.

ಆ ಹಿಡಿತ ನನಗೆ ಗೊತ್ತಿತ್ತು. ಆ ಮೊಣಕೈ, ಆ ಅಂಗೈ, ಮಣ್ಣಿಗೆ ತಾಗುವ ಮೂಗು, ಎಲ್ಲ ನನ್ನ ಕತ್ತಿಗೆ ನೆನಪಿತ್ತು. ತಾತ ಅವತ್ತು ಯಾರನ್ನೂ ಕೊಲ್ಲಲು ಹೋಗಿರಲಿಲ್ಲ. ಗುಂಡು ಬೀಳುತ್ತಿದೆ ಎಂದುಕೊಂಡು ಪಕ್ಕದಲ್ಲಿ ನಿಂತಿದ್ದ ಹುಡುಗನನ್ನು ತಮ್ಮ ಮೈಯಿಂದ ಮುಚ್ಚಿದ್ದರು. ಅಜ್ಜಿ ಹಗ್ಗದೋನು ಎಂದು ಕರೆಯುವ ಆ ಹುಡುಗನೇ ಎದ್ದು ನಿಂತು ಅವರನ್ನು ಕಂಬಕ್ಕೆ ಕಟ್ಟಿದ್ದ.

“ಆದ್ರೂ ನಾನು ಮನಸ್ಸಿನಲ್ಲಿ ಇಟ್ಕಳ್ಲಿಲ್ಲ,” ಚೇರ್ಮನ್ ಮುಂದುವರಿಸಿದರು. “ಯುದ್ಧ ಮಾಡ್ಬಂದೋರು ಅಂತ, ಹಗ್ಗ ಬಿಚ್ಚಿದ್ದು ಕೂಡ ನಾನೇ.”

ಮನೆಗೆ ಬಂದು ಅಜ್ಜಿಗೆ ಹೇಳಿದೆ. ಅವಳನ್ನು ಹಿತ್ತಲಿಗೆ ಕರೆದು, ನೆಲದ ಮೇಲೆ ಬೋರಲು ಮಲಗಿ, ನನ್ನ ಕೈಯಿಂದ ಕತ್ತಿನ ಹಿಂಭಾಗವನ್ನು ತೋರಿಸಿದೆ. ಅಜ್ಜಿ ನನ್ನನ್ನೇ ನೋಡುತ್ತಾ ನಿಂತಳು. ಇಷ್ಟು ವರ್ಷ ಅವಳೂ ಗಂಡ ಅವತ್ತು ಯಾರದೋ ಮೇಲೆ ಕೈ ಮಾಡಿದ್ದ ಎಂದೇ ನಂಬಿದ್ದಳು. ಗಂಡನ ತಪ್ಪು ಒಂದು, ಊರಿನ ತಪ್ಪು ಒಂದು ಎಂದು ಎರಡನ್ನೂ ಹೊತ್ತುಕೊಂಡಿದ್ದಳು. “ಹಂಗಾದ್ರೆ ಕಾಪಾಡೋಕೆ ಹೋಗಿದ್ರಾ ಆ ನಾಯಿನ” ಎಂದಳು. ಆಮೇಲೆ ಕಲ್ಲಿನ ಮೇಲೆ ಕೂತು ಅತ್ತಳು. ತಾತ ಸತ್ತಾಗಲೂ ಅವಳು ಹಾಗೆ ಅತ್ತಿರಲಿಲ್ಲ.

ಅಳು ನಿಂತ ಮೇಲೆ ನಾನು ನನ್ನ ಯೋಚನೆಯನ್ನು ಹೇಳಿದೆ. ಅಜ್ಜಿ ಪೂರ್ತಿ ಕೇಳಿದಳು.

“ಮಾಡು. ಆದ್ರೆ ಕೂಗಾಡ್ಬೇಡ. ನೀನು ಕೂಗಾಡಿದ್ರೆ ವಂಶವೇ ಹುಚ್ಚು ಅಂತಾರೆ. ತಣ್ಣಗೆ ಮಾಡು.”

ಕೋಲಾರಕ್ಕೆ ಹೋಗಿ ಮೇಡಂಗೂ ಹೇಳಿದೆ. ಅವರಿಗೆ ಇಷ್ಟವಾಗಲಿಲ್ಲ. “ಅವರು ನಿನ್ನನ್ನು ನಂಬಿ ಮಾತಾಡಿದ್ದಾರೆ. ಆ ಧ್ವನಿಗಳನ್ನು ಸಭೆಯಲ್ಲಿ ಹಾಕಬಾರದು. ಇತಿಹಾಸ ಬರೆಯೋದು ಬೇರೆ, ಸೇಡು ತೀರಿಸಿಕೊಳ್ಳೋದು ಬೇರೆ” ಎಂದರು.

“ರೆಕಾರ್ಡಿಂಗ್ ಹಾಕಲ್ಲ ಮೇಡಂ” ಎಂದೆ. ಅದು ಸತ್ಯವಾಗಿತ್ತು. ಇತಿಹಾಸವೋ ಸೇಡೋ ಎಂದರೆ, ನನಗೆ ಆ ಎರಡೂ ಒಂದೇ ಸಲಕ್ಕೆ ಬೇಕಿದ್ದವು. ಹಾಸ್ಟೆಲಿಗೆ ಹೋಗುವ ದಾರಿಯಲ್ಲಿ ಬಟ್ಟೆ ಅಂಗಡಿಗೆ ಹೊಕ್ಕು ಜರಿ ಅಂಚಿನ ಒಂದು ಶಾಲು ಕೊಂಡೆ.

ಕಲ್ಲು ಅನಾವರಣದ ದಿನ ಬಸ್ಸು ನಿಲ್ಲುವಲ್ಲಿ ಶಾಮಿಯಾನ ಹಾಕಿದ್ದರು. ತಾಲ್ಲೂಕಿನಿಂದ ಒಂದಿಬ್ಬರು ಅಧಿಕಾರಿಗಳು, ಮೆಡಲ್ ಧರಿಸಿ ಬಂದ ಮಾಜಿ ಸೈನಿಕರು ಕೆಲವರು, ಬಾವುಟ ಹಿಡಿದ ಶಾಲೆ ಮಕ್ಕಳು, ತಾಯಲೂರು ಕಡೆಯಿಂದ ನೆಂಟರು. ಚೇರ್ಮನ್ ಮಗ, ಸೊಸೆ, ಮೊಮ್ಮಕ್ಕಳು ಮುಂದಿನ ಸಾಲಿನಲ್ಲಿ ಕೂತಿದ್ದರು. ಅದೇ ಸಾಲಿನ ಕೊನೆಯಲ್ಲಿ ಅಜ್ಜಿ, ಇಸ್ತ್ರಿ ಮಾಡಿದ ಸೀರೆಯಲ್ಲಿ, ಎರಡೂ ಕೈ ತೊಡೆಯ ಮೇಲಿಟ್ಟುಕೊಂಡು. ಅಪ್ಪ ಹಿಂದೆ ನಿಂತಿದ್ದರು. ನಾನು ಏನು ಮಾಡಲಿದ್ದೇನೆಂದು ಅವರಿಗೆ ಹೇಳಿರಲಿಲ್ಲ.

ಚೇರ್ಮನ್ ಭಾಷಣ ಮಾಡಿದರು. ತಾತನನ್ನು ಊರು ದೇವರ ಹಾಗೆ ನೋಡಿಕೊಂಡಿತು ಎಂದರು. ಚಪ್ಪಾಳೆ ಬಿತ್ತು. ಆಮೇಲೆ ಕುಟುಂಬದ ಪರವಾಗಿ ಮೊಮ್ಮಗಳು ಎರಡು ಮಾತಾಡುತ್ತಾಳೆ ಎಂದು ನನ್ನನ್ನು ಕರೆದರು. ನಾನು ಶಾಲು ಹಿಡಿದುಕೊಂಡು ಹತ್ತಿದೆ.

ಎಲ್ಲರಿಗೂ ವಂದನೆ ಹೇಳಿದೆ. ತಾತ ಊರಿಗೆ ಬಂದ ಹೊಸತರಲ್ಲಿ, ಒಂದು ದೀಪಾವಳಿಯಂದು, ಇದೇ ಜಾಗದಲ್ಲಿ, ಇಗೋ ಈ ಕಲ್ಲುಕಂಬಕ್ಕೆ ಅವರನ್ನು ಕಟ್ಟಿದ್ದರು ಎಂದೆ. ಹೊಸ ತಲೆಮಾರಿನ ಎಷ್ಟೋ ಜನಕ್ಕೆ ಆ ವಿಷಯವೇ ಗೊತ್ತಿರಲಿಲ್ಲ.

“ಅವತ್ತು ಇಡೀ ಊರಿನ ಎದುರು ಧೈರ್ಯ ಮಾಡಿ ಅವರ ಹಗ್ಗ ಬಿಚ್ಚಿದ ಪುಣ್ಯಾತ್ಮರು ಒಬ್ಬರಿದ್ದಾರೆ. ಅವರೇ ನನಗೆ ಹೇಳಿದ್ದಾರೆ. ಅವರಿಗೆ ನಮ್ಮ ಮನೆಯಿಂದ ಈ ಶಾಲು. ದಯವಿಟ್ಟು ಬನ್ನಿ” ಎಂದೆ.

ವೇದಿಕೆಯ ಕುರ್ಚಿಯಿಂದ ಚೇರ್ಮನ್ ನಗುತ್ತಾ ಎದ್ದರು. ಕಂಡಕ್ಟರ್ ಅದೇ ಸಾಲಿನಲ್ಲಿ ಕೂತಿದ್ದವರು, ಪಂಚೆ ಸರಿಪಡಿಸಿಕೊಂಡು ಎದ್ದರು. ಕೆಳಗೆ ಬೆಂಚಿನಿಂದ ಟೀ ಅಂಗಡಿಯ ಮುದುಕ ಕೋಲು ಊರಿಕೊಂಡು ಮೆಟ್ಟಿಲು ಹತ್ತಿ ಬಂದ. ನಾನು ಮಾತಾಡಿಸಿದ್ದ ಉಳಿದವರು ಅವತ್ತು ಬಂದಿರಲಿಲ್ಲ. ಮೂವರೂ ನನ್ನ ಮುಂದೆ ಬಂದು ನಿಂತ ಮೇಲೆ ಒಬ್ಬರನ್ನೊಬ್ಬರು ನೋಡಿದರು. ಶಾಲೆ ಮಕ್ಕಳ ಕಡೆಯಿಂದ ಸಣ್ಣ ನಗು ಬಂತು.

“ಶಾಲು ಒಂದೇ ಇದೆ. ಯಾರಿಗೆ ಹೊದಿಸಲಿ?” ಎಂದೆ. ಮೈಕನ್ನು ಅವರ ಕಡೆಗೆ ಹಿಡಿದೆ.

“ಬಿಚ್ಚಿದ್ದು ನಾನು” ಎಂದರು ಕಂಡಕ್ಟರ್.

“ನೀನಾ? ನೀನ್ ಕಾಲು ಹಿಡ್ಕಂಡಿದ್ದು ಕಣೋ,” ಎಂದ ಮುದುಕ. “ಒದೀತವ್ನೆ ಅಂತ ಎರಡೂ ಕಾಲು ಅದುಮಿ ಹಿಡ್ಕಂಡಿದ್ದೋನು ನೀನು. ನನ್ನ ಅಂಗಡಿ ಮುಂದೆ ಆಗಿದ್ದು, ನಾನ್ ನೋಡಿಲ್ವಾ?”

“ನೀನ್ ನೋಡ್ಕಂಡು ಏನ್ಲಾ ಮಾಡ್ತಿದ್ದೆ? ನಗ್ತಿದ್ದೆ. ಬಂದೋರಿಗೆಲ್ಲ ಟೀ ಕೊಡ್ತಾ ನಗ್ತಿದ್ದೆ!”

“ಏಯ್, ಸುಮ್ನಿರ್ರೋ, ಮೈಕ್ ಐತೆ” ಎಂದು ಚೇರ್ಮನ್ ಇಬ್ಬರ ಭುಜದ ಮೇಲೂ ಕೈ ಇಟ್ಟರು.

ಕಂಡಕ್ಟರ್ ಆ ಕೈಯನ್ನು ತಳ್ಳಿದರು. ಅವರ ಮುಖ ಕೆಂಪಗಾಗಿತ್ತು. “ನೀವ್ ಸುಮ್ನಿರಿ ಚೇರ್ಮನ್ರೇ. ಹಗ್ಗ ಯಾರ ಮನೇದು? ನಿಮ್ಮ ಎತ್ತಿನ ಹಗ್ಗ. ಮುಳಬಾಗಿಲಿಂದ ಸರ ಪಟಾಕಿ ತಂದೋರ್ಯಾರು? ಹಚ್ರೋ ಅಂದೋರ್ಯಾರು? ನಾವೇನೋ ಕಾಲು ಹಿಡ್ಕಂಡ್ವಿ. ಗಂಟು ಹಾಕಿದ್ದು ನೀವು. ಈಗ ಬಿಚ್ಚಿದ್ದೂ ನೀವೇನಾ?”

ಆ ಮಾತು ಲೌಡ್ ಸ್ಪೀಕರಿನಿಂದ ಹೊರಟು ಕೆರೆಯ ಆಚೆಗೂ ಕೇಳಿರಬೇಕು. ನಾನು ಎಷ್ಟು ಪುಸ್ತಕ ಓದಿದ್ದರೂ, ಎಷ್ಟು ರೆಕಾರ್ಡ್ ಮಾಡಿದ್ದರೂ ಸಿಗದಿದ್ದ ಸತ್ಯವನ್ನು ಒಂದು ಶಾಲು ಎಳೆದು ಹಾಕಿತ್ತು.

ಆಗ ಮುಂದಿನ ಸಾಲಿನಿಂದ ಅಜ್ಜಿ ಎದ್ದಳು. ಅವಳಿಗೆ ಮೈಕ್ ಬೇಕಾಗಲಿಲ್ಲ.

“ಬಿಚ್ಲಿಲ್ಲ ಯಾರೂನೂ. ಕುಯ್ದಿದ್ದು ನಾನು.”

ಅಷ್ಟು ಹೇಳಿ ಕೂತಳು.

ನನ್ನ ಕೆಲಸ ಇನ್ನೂ ಸ್ವಲ್ಪ ಉಳಿದಿತ್ತು. ಚೇರ್ಮನ್ ಕಡೆ ತಿರುಗಿದೆ. ಅವರು ಮಗನನ್ನು ನೋಡುತ್ತಿದ್ದರು, ಮಗ ನೆಲ ನೋಡುತ್ತಿದ್ದ. “ಸರ್, ತಾತ ನಿಮ್ಮನ್ನು ಹೇಗೆ ಹಿಡಿದಿದ್ದರು ಎಂದು ನನಗೆ ತೋರಿಸಿದಿರಿ. ಅದೇ ಹಿಡಿತದಲ್ಲಿ ನಾನು ಬೆಳೆದಿದ್ದೇನೆ. ಕ್ವಾರಿಯಲ್ಲಿ ಸಿಡಿಮದ್ದು ಹಾರಿದಾಗಲೆಲ್ಲ ಅವರು ನನ್ನ ಮೇಲೆ ಕವುಚಿಕೊಂಡು ಹಾಗೆಯೇ ನನ್ನ ತಲೆ ಮುಚ್ಚುತ್ತಿದ್ದರು. ಅದು ಕೊಲ್ಲುವವನ ಹಿಡಿತವಲ್ಲ. ಗುಂಡು ಬಂದರೆ ನನಗೆ ಬೀಳಲಿ, ಈ ಹುಡುಗನಿಗೆ ಬೀಳದಿರಲಿ ಎಂದು ಅವರು ನಿಮ್ಮ ಮೇಲೆ ಬಿದ್ದಿದ್ದರು. ನೀವು ಎದ್ದು ಅವರನ್ನು ಕಟ್ಟಿದಿರಿ.”

ಮಾಜಿ ಸೈನಿಕರಲ್ಲಿ ಒಬ್ಬರು ಎದ್ದು ನಿಂತು ತಲೆಯಿಂದ ಟೋಪಿ ತೆಗೆದರು. ಚೇರ್ಮನ್ ಕೈ ತಾನಾಗಿಯೇ ಕತ್ತಿನ ಹಿಂದಕ್ಕೆ ಹೋಯಿತು. ಅದನ್ನು ನಾನು ಕಣ್ಣು ಮಿಟುಕಿಸದೆ ನೋಡಿದೆ. ಸಂತೋಷವಾಯಿತು. ನಾಚಿಕೆಯಿಲ್ಲದೆ ಹೇಳುತ್ತೇನೆ, ಅಷ್ಟು ಸಂತೋಷ ನನಗೆ ಯಾವ ಪರೀಕ್ಷೆಯ ಫಲಿತಾಂಶ ಬಂದಾಗಲೂ ಆಗಿರಲಿಲ್ಲ. ಶಾಲನ್ನು ಮಡಚಿ ಕಂಕುಳಲ್ಲಿ ಇಟ್ಟುಕೊಂಡು ಇಳಿದು ಬಂದೆ. ಅಜ್ಜಿಗೆ ಹೊದಿಸಲು ಹೋದರೆ, “ಬೇಡ, ಸೆಕೆ” ಎಂದಳು.

ಕಲ್ಲಿನ ಮೇಲಿನ ಬಟ್ಟೆಯನ್ನು ಅವತ್ತು ಯಾರೂ ತೆಗೆಯಲಿಲ್ಲ.

ಆಮೇಲಿನ ದಿನಗಳು ನಾನು ಅಂದುಕೊಂಡಷ್ಟು ಸುಲಭವಾಗಿರಲಿಲ್ಲ. ಅಪ್ಪ ನನ್ನ ಜೊತೆ ಮಾತು ಬಿಟ್ಟರು. ಊರು ಮೊದಲು ನಾಚಿತು, ಆಮೇಲೆ ನಿಧಾನವಾಗಿ ಇನ್ನೊಂದು ಕತೆ ಕಟ್ಟಿತು. ಕಾಲೇಜು ಕಲಿತ ಹುಡುಗಿ ಹಿರಿಯರನ್ನು ವೇದಿಕೆಗೆ ಕರೆದು ಮರ್ಯಾದೆ ತೆಗೆದಳು ಎಂಬ ಕತೆ. ಡೇರಿಯಲ್ಲಿ, ಬಸ್ಸಿನಲ್ಲಿ, ನಲ್ಲಿಯ ಹತ್ತಿರ ಅದೇ ಮಾತು. ತಾತನನ್ನು ಕಟ್ಟಿದ ವಿಷಯ ಆ ಕತೆಯಲ್ಲಿ ದಿನದಿಂದ ದಿನಕ್ಕೆ ಚಿಕ್ಕದಾಗುತ್ತಾ ಹೋಯಿತು. ನನ್ನ ಕಣ್ಣೆದುರೇ ಊರು ಮತ್ತೊಮ್ಮೆ ಮರೆಯುತ್ತಿತ್ತು. ಈ ಸಲ ನಾನು ಕೂತು ಅದನ್ನೆಲ್ಲ ಬರೆದೆ. ಯಾರು ಏನೆಂದರು, ಮಾತು ಯಾವ ವಾರ ಹೇಗೆ ತಿರುಗಿತು, ಎಲ್ಲವನ್ನೂ. ನನ್ನ ಕಿರುಪ್ರಬಂಧದ ಒಳ್ಳೆಯ ಭಾಗ ಅದೇ ಎಂದು ಮೇಡಂ ಆಮೇಲೆ ಹೇಳಿದರು.

ಒಂದು ಭಾನುವಾರ ಚೇರ್ಮನ್ ನಮ್ಮ ಮನೆಗೆ ಬಂದರು. ಕಾರು ತರದೆ ನಡೆದು ಬಂದಿದ್ದರು. ಅಂಗಳದಲ್ಲಿ ನಿಂತು, “ಅಕ್ಕಾ” ಎಂದರು. ಅಜ್ಜಿ ಜಗಲಿಯ ಮೇಲೆ ಹುರುಳಿ ಕೇರುತ್ತಿದ್ದಳು. ಮೊರ ನಿಲ್ಲಿಸಲಿಲ್ಲ.

“ತಪ್ಪಾಯ್ತು ಅಕ್ಕಾ. ಅವತ್ತು ನನಗೆ ತಿಳೀಲಿಲ್ಲ. ಅವರು ನನ್ನ ಕಾಪಾಡ್ತಾವ್ರೆ ಅಂತ ನನಗೆ ಹೆಂಗ್ ತಿಳೀಬೇಕು?”

“ಕಾಪಾಡ್ದೆ ಇದ್ದಿದ್ರೆ ಕಟ್ಟಬಹುದಾಗಿತ್ತಾ?” ಎಂದಳು ಅಜ್ಜಿ.

ಅಜ್ಜಿ ಮೊರ ಪಕ್ಕಕ್ಕಿಟ್ಟು ಅಂಗಳದ ಮಧ್ಯದ ಬಿಸಿಲನ್ನು ತೋರಿಸಿದಳು.

“ಅಲ್ಲಿ ನಿಂತ್ಕೋ. ಹಗ್ಗ ಬೇಡ. ಬರೀ ನಿಂತ್ಕೋ. ಆಮೇಲೆ ಮಾತಾಡಾನ.”

ಅವರು ಹೊರಟು ಹೋಗುತ್ತಾರೆಂದು ನಾನು ಎಣಿಸಿದೆ. ಹೋಗಲಿಲ್ಲ. ಬಿಸಿಲಿಗೆ ಹೋಗಿ ನಿಂತರು. ನನ್ನ ಅಮ್ಮ ಒಳಗಿನಿಂದ ಚೊಂಬಿನಲ್ಲಿ ನೀರು ತಂದಳು. “ಒಳಗಿಡು” ಎಂದಳು ಅಜ್ಜಿ, ಅಮ್ಮ ಒಳಗಿಟ್ಟಳು. ದಾರಿಯಲ್ಲಿ ಹೋಗುವವರು ನಿಂತು ನೋಡಿದರು, ಕೆಲವರು ನೋಡದವರ ಹಾಗೆ ಬೇಗ ಬೇಗ ನಡೆದರು. ಅವರ ಬಿಳಿ ಅಂಗಿ ಬೆನ್ನಿಗೆ ಅಂಟಿಕೊಂಡಿತು. ಒಂದು ಸಲ ಕಾಲು ಸೋತು ಕುಕ್ಕರುಗಾಲಲ್ಲಿ ಕೂರಲು ಹೋದರು.

“ಅವರಿಗೆ ಕೂರೋಕೆ ಆಗ್ತಿರ್ಲಿಲ್ಲ” ಎಂದಳು ಅಜ್ಜಿ.

ಅವರು ಮತ್ತೆ ನಿಂತರು.

ನಾನು ಬಾಗಿಲಲ್ಲಿ ಕೂತು ಪೂರ್ತಿ ನೋಡಿದೆ. ವಯಸ್ಸಾದವರು, ಬಿದ್ದುಬಿಟ್ಟರೆ ಎಂಬ ಯೋಚನೆ ಬಂತು. ಎದ್ದು ಹೋಗಿ ಕೈ ಹಿಡಿದು ನೆರಳಿಗೆ ಕರೆತರಬಹುದಿತ್ತು. ಕರೆತರಲಿಲ್ಲ. ಬೈಕಿನಲ್ಲಿ ಚೇರ್ಮನ್ ಮಗ ಬಂದ. ಅಜ್ಜಿಯನ್ನು ನೋಡಿ, “ಏನ್ ಇದೆಲ್ಲ, ಮುದುಕ್ರು ಸತ್ತೋದ್ರೆ ನೀವ್ ಜವಾಬ್ದಾರರಾ?” ಎಂದು ಕೂಗಾಡಿದ. ತನ್ನ ಅಪ್ಪನ ತೋಳು ಎಳೆದ. “ಬಾ, ಹತ್ತು” ಎಂದ. ಅವರು ತಲೆ ಅಲ್ಲಾಡಿಸಿ, “ನೀನ್ ಹೋಗು” ಎಂದರು. ಮಗ ಬೈಕನ್ನು ಬೇಲಿಯ ಆಚೆ ನಿಲ್ಲಿಸಿ ಕಾದ.

ಸಂಜೆ ಹಾಲು ಕರೆಯುವ ಹೊತ್ತಾಯಿತು. ಅಜ್ಜಿ ಹಸು ಕರೆದು, ಕ್ಯಾನಿಗೆ ಹಾಲು ಸುರಿದು, ಸೆರಗು ಸಿಕ್ಕಿಸಿಕೊಂಡು ಡೇರಿಗೆ ಹೊರಟಳು. ಅಂಗಳದಲ್ಲಿ ನಿಂತವರ ಪಕ್ಕದಲ್ಲೇ ಹಾದು ಹೋದಳು. ಅವರ ಕಡೆ ತಿರುಗಲಿಲ್ಲ, ಒಂದು ಮಾತೂ ಆಡಲಿಲ್ಲ. ಅವಳು ಬೀದಿ ತಿರುಗಿ ಕಾಣದಾದ ಮೇಲೆ ಚೇರ್ಮನ್ ನನ್ನನ್ನು ನೋಡಿದರು. ನಾನು ಬಾಗಿಲಲ್ಲಿ ಕೂತೇ ಇದ್ದೆ. ಮಗ ಬಂದು ಅವರನ್ನು ಹಿಡಿದುಕೊಂಡು ಬೈಕಿಗೆ ಹತ್ತಿಸಿದ.

ಅವರು ಹೋದ ಮೇಲೆ ಅಪ್ಪ ಬಹಳ ದಿನಗಳ ನಂತರ ನನ್ನ ಹತ್ತಿರ ಬಂದು ಕೂತರು. “ಸಾಕಾಯ್ತಾ?” ಎಂದು ಕೇಳಿದರು. ಬೈಯುವ ದನಿಯಲ್ಲ, ನಿಜವಾಗಿ ತಿಳಿಯಬೇಕೆಂದು ಕೇಳಿದರು.

“ಇಲ್ಲ” ಎಂದೆ.

ಕಿರುಪ್ರಬಂಧದ ಕೊನೆಯಲ್ಲಿ, ಇಂಥ ಗಾಯಗಳು ಮಾಯುವುದು ಹೇಗೆ, ಎರಡು ಕಡೆಯವರು ರಾಜಿಯಾಗುವುದು ಹೇಗೆ ಎಂದು ಒಂದು ಅಧ್ಯಾಯವಿದ್ದರೆ ಒಳ್ಳೆಯದು ಎಂದು ಮೇಡಂ ಸೂಚಿಸಿದರು. ಎಲ್ಲರೂ ಹಾಗೆ ಬರೆಯುತ್ತಾರಂತೆ. ನಮ್ಮ ಮನೆಯಲ್ಲಿ ಅದು ಆಗಿಲ್ಲ, ಆಗದ್ದನ್ನು ಬರೆದರೆ ನಾನೂ ಊರಿನ ಹಾಗೆ ಆಗುತ್ತೇನೆ ಎಂದೆ. ಮೇಡಂ ಕನ್ನಡಕ ತೆಗೆದು ಒರೆಸಿಕೊಂಡರು. ಒತ್ತಾಯ ಮಾಡಲಿಲ್ಲ.

ಕಲ್ಲು ಈಗ ನಿಂತಿದೆ. ಸಮಿತಿಯವರು ಒಬ್ಬೊಬ್ಬರಾಗಿ ನನ್ನ ಹೆಸರು ಬೇಡ, ನನ್ನ ಹೆಸರು ಬೇಡ ಎಂದು ತೆಗೆಸಿದರು. ಮುಳಬಾಗಿಲಿನ ಕೆತ್ತುವವರು ಆ ಭಾಗವನ್ನು ಉಜ್ಜಿ ನುಣುಪು ಮಾಡಿದ್ದಾರೆ. ಬಸ್ಸಿಗೆ ಕಾಯುವ ಹೆಂಗಸರು ಅಲ್ಲಿ ಬಾಗಿ ಮುಖ ನೋಡಿಕೊಂಡು ಕುಂಕುಮ ಸರಿಮಾಡಿಕೊಳ್ಳುತ್ತಾರೆ. ಮೇಲೆ ತಾತನ ಹೆಸರೊಂದೇ ಇದೆ.